ಅಂಗೈಯ ಬಣ್ಣ

ಆ ಊರಿನಲ್ಲಿ ಎಲ್ಲಕ್ಕಿಂತ ಹಳೆಯದು ಗೋಡೆ. ಅದು ಯಾವ ಮನೆಗೂ ಸೇರಿದ್ದಲ್ಲ, ಯಾವ ಕೋಟೆಗೂ ಸೇರಿದ್ದಲ್ಲ, ಊರ ನಡುವೆ ತನ್ನಷ್ಟಕ್ಕೆ ತಾನು ನಿಂತಿತ್ತು. ಅದರ ಮೇಲೆ ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದು ಚೌಕ ಮಾಡಿದ್ದರು. ಒಂದೊಂದು ಚೌಕದಲ್ಲಿ ಒಂದೊಂದು ಮೂಲವಸ್ತುವಿನ ಹೆಸರು. ಹಗುರದ್ದು ಮೇಲೆ, ಭಾರದ್ದು ಕೆಳಗೆ, ಗುಣ ಹೊಂದುವಂಥವು ಒಂದರ ಕೆಳಗೊಂದು. ಕೆಲವು ಚೌಕಗಳಲ್ಲಿ ಹೆಸರಿರಲಿಲ್ಲ. ಇನ್ನೂ ಸಿಕ್ಕದ ಮೂಲವಸ್ತುಗಳಿಗೆ ಎಂದು ಅವನ್ನು ಖಾಲಿ ಬಿಟ್ಟಿದ್ದರು.

ಊರನ್ನು ಕಟ್ಟಿದ್ದು ಈ ಗೋಡೆಯನ್ನು ನೋಡಿಕೊಂಡು. ಗೋಡೆಯ ಮೇಲೆ ಎಷ್ಟು ಚೌಕವೋ ನೆಲದ ಮೇಲೆ ಅಷ್ಟು ಓಣಿ. ತಾಮ್ರದ ಓಣಿ, ತವರದ ಓಣಿ, ಗಂಧಕದ ಓಣಿ. ಕೊನೆಯ ಸಾಲಿನಲ್ಲಿ ನಿಯಾನ್, ಆರ್ಗಾನ್ ಓಣಿಗಳು. ಅಲ್ಲಿಯವರು ಯಾರ ಜೊತೆಗೂ ಬೆರೆಯುವವರಲ್ಲ, ಯಾರ ಮದುವೆಗೂ ಹೋಗುವವರಲ್ಲ, ತಮ್ಮ ತಮ್ಮ ಜಗಲಿಯ ಮೇಲೆ ಕುಳಿತು ರಸ್ತೆ ನೋಡುವುದೇ ಅವರ ಕಸುಬು. ಪ್ರತಿ ಮನುಷ್ಯನ ಒಳಗೂ ಒಂದು ಮೂಲವಸ್ತು ಮೇಲುಗೈಯಾಗಿರುತ್ತದೆ, ಅದು ಯಾವುದೋ ಆ ಓಣಿಯಲ್ಲೇ ಅವನು ಬದುಕಬೇಕು ಎಂಬುದು ಊರಿನ ಕಟ್ಟಳೆ. ಯಾವುದು ಎಂದು ಹೇಳುವುದು ಜ್ವಾಲೆ.

ಮಕ್ಕಳು ಗೋಡೆಯನ್ನು ಮಗ್ಗಿಯ ಹಾಗೆ ಕಲಿಯುತ್ತಿದ್ದರು. ಜಲಜನಕ, ಹೀಲಿಯಂ, ಲಿಥಿಯಂ, ಬೆರಿಲಿಯಂ, ಬೋರಾನ್, ಇಂಗಾಲ, ಸಾರಜನಕ, ಆಮ್ಲಜನಕ. ಎಲ್ಲಿಯೂ ತಡವರಿಸದೆ ಕೊನೆಯ ಚೌಕದವರೆಗೆ ಒಪ್ಪಿಸಿದ ಮಗುವನ್ನು ಮಾರನೆಯ ಬೆಳಿಗ್ಗೆ ಜ್ವಾಲೆಯ ಮನೆಗೆ ಕರೆತರುತ್ತಿದ್ದರು. ಅಲ್ಲಿ ಕಲ್ಲಿನ ಕುಳಿಯಲ್ಲಿ ಬಣ್ಣವೇ ಇಲ್ಲದಂತೆ ತಿಳಿಯಾಗಿ ಉರಿಯುವ ಒಂದು ಜ್ವಾಲೆ. ಅದರ ಮುಂದೆ ಮಣೆ, ಮಣೆಯ ಮೇಲೆ ಜ್ವಾಲೆ ನೋಡುವವಳು. ಅವಳು ಗಾಜಿನ ಹಿಡಿಯ ಎಳೆತಂತಿಯನ್ನು ಆಮ್ಲದ ಬಟ್ಟಲಲ್ಲಿ ಅದ್ದುವಳು. ಮಗುವಿನ ಅಂಗೈ ಬಿಡಿಸಿ ತಂತಿಯಿಂದ ಒಮ್ಮೆ ಗೀರುವಳು. ತಂತಿಯನ್ನು ಜ್ವಾಲೆಗೆ ಹಿಡಿಯುವಳು. ತಂತಿ ಆಮ್ಲಕ್ಕೆ, ತಂತಿ ಅಂಗೈಗೆ, ತಂತಿ ಜ್ವಾಲೆಗೆ. ಹಸಿರು ಬಂದರೆ ತಾಮ್ರ, ನೇರಳೆ ಬಂದರೆ ಪೊಟ್ಯಾಸಿಯಂ, ಇಟ್ಟಿಗೆಯ ಕೆಂಪು ಬಂದರೆ ಕ್ಯಾಲ್ಸಿಯಂ. ಬಂದ ಬಣ್ಣವನ್ನು ಅವಳು ಗಟ್ಟಿಯಾಗಿ ಕೂಗುವಳು, ಮಗು ಅಲ್ಲಿಂದಲೇ ಆ ಓಣಿಗೆ ಹೋಗುವುದು. ಒಬ್ಬರಿಗೆ ಒಂದೇ ಸಲ. ಎರಡನೆಯ ಸಲ ನೋಡುವುದೆಂದರೆ ಜ್ವಾಲೆಯನ್ನು ಸುಳ್ಳುಗಾರ ಎಂದ ಹಾಗೆ.

ಎಲ್ಲ ಬಣ್ಣಗಳಿಗಿಂತ ಹೆಚ್ಚು ಬರುತ್ತಿದ್ದದ್ದು ಹಳದಿ. ಹಳದಿ ಎಂದರೆ ಸೋಡಿಯಂ, ಉಪ್ಪಿನೊಳಗೆ ಕೂತಿರುವ ಸೋಡಿಯಂ. ಗೋಡೆಯ ಮೇಲೆ ಅದಕ್ಕೂ ಉಳಿದವುಗಳಷ್ಟೇ ದೊಡ್ಡ ಚೌಕ, ನೆಲದ ಮೇಲೂ ಅಷ್ಟೇ ಉದ್ದದ ಓಣಿ. ಆದರೆ ಅಲ್ಲಿ ಜನ ಕಿಕ್ಕಿರಿದಿದ್ದರು. ಮಲಗುವುದಕ್ಕೂ ಪಾಳಿ. ಲೋಹದ ಓಣಿಗಳ ಕುಲುಮೆಗೆ ಇದ್ದಿಲು ಹೊರುವುದು, ಬೂದಿ ಎತ್ತುವುದು ಅವರ ಕೆಲಸ. ಬೇರೆ ಓಣಿಗೆ ಹೋದ ಮಕ್ಕಳು ಹಬ್ಬ ಹುಣ್ಣಿಮೆಗೆ ತಾಯಿಯ ಮನೆಗೆ ಬಂದು ಉಂಡು ಹೋಗಬಹುದಿತ್ತು. ಹಳದಿ ಓಣಿಯವರು ಬರುವಂತಿರಲಿಲ್ಲ. ಅಷ್ಟು ಜನ ಒಟ್ಟಿಗೆ ಹೊರಟರೆ ಊರು ಹಿಡಿಸುವುದಿಲ್ಲವಂತೆ. ತಾಯಂದಿರೂ ಒಳಗೆ ಕಾಲಿಡುವಂತಿರಲಿಲ್ಲ. ಊರು ಎಂದ ಮೇಲೆ ಇಂಥದ್ದಕ್ಕೆಲ್ಲ ಒಂದು ಕಾರಣ ಇದ್ದೇ ಇರುತ್ತದೆ, ಇಲ್ಲದಿದ್ದರೆ ಯಾರಾದರೂ ಕೂತು ಹುಡುಕಿ ಕೊಡುತ್ತಾರೆ.

ಜ್ವಾಲೆ ನೋಡುವವಳು ತಾಮ್ರದ ಓಣಿಯವಳು. ಗಂಡ ಇರಲಿಲ್ಲ, ಒಬ್ಬಳು ಮಗಳಿದ್ದಳು. ಬಹಳ ವರ್ಷಗಳಿಂದ ಆ ಮಣೆಯ ಮೇಲೆ ಕುಳಿತು ಬಣ್ಣ ಕೂಗಿದ್ದಳು. ತಾನು ಕೂಗುವುದು ಬಣ್ಣವನ್ನಷ್ಟೇ, ಮಗುವಿನ ಹಣೆಬರಹವನ್ನಲ್ಲ ಎಂದು ಅವಳು ನಂಬಿದ್ದಳು. ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿತ್ತು.

ಒಂದು ಚಳಿಗಾಲದ ಬೆಳಿಗ್ಗೆ ಊರಂಚಿನ ಓಣಿಯಿಂದ ಒಬ್ಬ ತಂದೆ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಂದ. ದೂರದ ದಾರಿ, ಮಗು ನಿದ್ದೆ ಹೋಗಿತ್ತು. ಎಬ್ಬಿಸಲು ಹೋದವನನ್ನು ನೋಡುವವಳೇ ತಡೆದಳು, ಅಂಗೈ ಒಂದು ಸಿಕ್ಕರೆ ಸಾಕಲ್ಲ ಎಂದು. ಚಳಿಗೆ ಒಡೆದು ಒಣಗಿದ ಪುಟ್ಟ ಅಂಗೈ. ತಂತಿ ಆಮ್ಲಕ್ಕೆ, ತಂತಿ ಅಂಗೈಗೆ, ತಂತಿ ಜ್ವಾಲೆಗೆ. ಜ್ವಾಲೆ ದಾಸವಾಳದ ಹಾಗೆ ಕೆಂಪಾಯಿತು.

ಅಂಥ ಕೆಂಪನ್ನು ಅಲ್ಲಿದ್ದವರು ಯಾರೂ ಕಂಡಿರಲಿಲ್ಲ. ಅದು ಲಿಥಿಯಂ. ಲಿಥಿಯಂ ಓಣಿಗೆ ಜನ ಬರುವುದು ನಿಂತು ಒಂದು ಕಾಲವಾಗಿತ್ತು. ಉಳಿದಿದ್ದವಳು ಒಬ್ಬ ಮುದುಕಿ. ಸುದ್ದಿ ಕೇಳಿ ಅವಳು ಕೈಯಲ್ಲಿದ್ದ ಪೊರಕೆಯ ಸಮೇತ ಓಡಿ ಬಂದಳು. "ಬಂತಾ, ನಮ್ಮದೊಂದು ಬಂತಾ" ಎಂದು ಕೇಳಿದವರನ್ನೇ ಮತ್ತೆ ಮತ್ತೆ ಕೇಳಿದಳು. ಮಗುವಿನ ತಂದೆ ಮಾತ್ರ ನಂಬಲಾರದೆ ನಿಂತಿದ್ದ. "ನಮ್ಮ ಓಣಿ ಕಡೆಯಿಂದ ಹಳದಿ ಬಿಟ್ಟು ಇನ್ನೊಂದು ಬಂದದ್ದು ನಾನು ಕಂಡೇ ಇಲ್ಲ," ಎಂದ.

ಆ ಮಾತು ನೋಡುವವಳ ಮನಸ್ಸಿನಲ್ಲಿ ಮುಳ್ಳಿನ ಹಾಗೆ ನಿಂತಿತು. ಅಂದು ಸಂಜೆ ಮಗಳು ಹೊರಗೆ ಆಡಿ ಬಂದು ಮಗ್ಗುಲಲ್ಲಿ ಕುಳಿತಳು. ಆ ಹುಡುಗಿ ಗೋಡೆಯನ್ನು ಕಲಿಯುತ್ತಿದ್ದ ರೀತಿಯೇ ಬೇರೆ. ಉಳಿದ ಮಕ್ಕಳು ಒಪ್ಪಿಸಿ ಎದ್ದು ಹೋದರೆ ಇವಳು ಒಂದೊಂದು ಚೌಕಕ್ಕೂ ಜಗಳ ಕಾಯುವಳು. ಇಂಗಾಲವೇ ಇದ್ದಿಲು, ಇಂಗಾಲವೇ ವಜ್ರ ಅಂದರೆ ಎರಡಕ್ಕೂ ಒಂದೇ ಓಣಿ ಸಾಕಾ? ಪಾದರಸ ಲೋಹವಾದರೆ ನಿಲ್ಲುವುದಿಲ್ಲ ಯಾಕೆ? ಖಾಲಿ ಚೌಕದವರು ಬಂದ ದಿನ ಅವರನ್ನು ಗುರುತು ಹಿಡಿಯುವುದು ಹೇಗೆ? ಅಂದು ಅವಳು ತನ್ನ ಮೇಲ್ದುಟಿಯನ್ನು ನಾಲಗೆಯಿಂದ ಸವರಿಕೊಂಡು ಕೇಳಿದಳು.

"ಅಮ್ಮ, ಬೆವರು ಯಾಕೆ ಉಪ್ಪಗಿರುತ್ತೆ?"

"ಉಪ್ಪಗಿರುತ್ತೆ ಅಷ್ಟೆ. ಹೋಗು, ಕೈಕಾಲು ತೊಳ್ಕೋ."

"ಉಪ್ಪಲ್ಲಿ ಸೋಡಿಯಂ ಇದೆಯಲ್ಲ. ಹಾಗಾದ್ರೆ ಬೆವರಲ್ಲೂ ಇರುತ್ತಾ?"

ಮಗಳು ಒಳಗೆ ಹೋದ ಮೇಲೆ ನೋಡುವವಳು ಎದ್ದು ಜ್ವಾಲೆಯ ಮನೆಗೆ ಹೋಗಿ ಜ್ವಾಲೆಯ ಮುಂದೆ ಕುಳಿತಳು. ಕೈ ತೊಳೆದು, ಒರೆಸಿ, ಗಾಳಿಗೆ ಹಿಡಿದು ಒಣಗಿಸಿದಳು. ತನ್ನ ಅಂಗೈಗೇ ತಂತಿ ಗೀರಿ ಜ್ವಾಲೆಗೆ ಹಿಡಿದಳು. ಹಸಿರು, ತಾಮ್ರದ್ದು, ಅವಳದ್ದೇ. ಆಮೇಲೆ ಸುಮ್ಮನೆ ಕುಳಿತು ತನ್ನ ಮಗಳ ದಿನವನ್ನು ನೆನೆದಳು. ಮಗಳು ಈ ಮಣೆಯ ಎದುರು ಬಂದು ನಿಲ್ಲುವುದನ್ನು, ಊರೆಲ್ಲ ನೋಡುತ್ತಿರುವುದನ್ನು, ತಾನು ಬಾಯಿ ತೆರೆಯುವುದನ್ನು ನೆನೆದಳು. ಅಂಗೈ ತೇವವಾಯಿತು. ಮತ್ತೆ ಗೀರಿದಳು. ಜ್ವಾಲೆ ಭಗ್ಗೆಂದು ಹಳದಿಯಾಯಿತು. ಹಸಿರಿನ ಸುಳಿವೂ ಇರಲಿಲ್ಲ.

ಇಷ್ಟು ಕಾಲ ತಾನು ನೋಡಿದ್ದು ಮಕ್ಕಳ ಹೆದರಿಕೆಯನ್ನು ಎಂದು ಅವಳಿಗೆ ತಿಳಿಯಿತು. ಊರ ನಡುವಿನ, ಮೇಲಿನವೆನಿಸಿಕೊಂಡ ಓಣಿಗಳ ಮಕ್ಕಳು ಹುಟ್ಟಿದಾಗಿನಿಂದ ಈ ಅಂಗಳದಲ್ಲೇ ಆಡಿ ಬೆಳೆದವರು, ಅವರಿಗೆ ಜ್ವಾಲೆಯೆಂದರೆ ಅಡುಗೆಮನೆಯ ಒಲೆ ಇದ್ದ ಹಾಗೆ. ಊರಂಚಿನಿಂದ ಬಂದವು ಗಡಗಡ ನಡುಗುತ್ತ, ಅತ್ತ ಕಣ್ಣನ್ನು ಅಂಗೈಯಿಂದಲೇ ಒರೆಸಿಕೊಳ್ಳುತ್ತ ಬರುತ್ತಿದ್ದವು. ಹೆದರಿದವರೆಲ್ಲ ಹಳದಿ. ಆ ರಾತ್ರಿ ಅವಳು ಉಣ್ಣಲಿಲ್ಲ.

ಬೆಳಗಾದ ಕೂಡಲೇ ಗೋಡೆಯಯ್ಯನ ಬಳಿಗೆ ಹೋದಳು. ಗೋಡೆಯಯ್ಯ ಎಂದರೆ ಗೋಡೆಯನ್ನು ನೋಡಿಕೊಳ್ಳುವವನು, ಮಕ್ಕಳಿಗೆ ಪಾಠ ಹೇಳುವವನು, ಊರು ಯಾವುದಕ್ಕೆ ತಲೆಯಾಡಿಸಬೇಕು ಎಂದು ತೀರ್ಮಾನಿಸುವವನು. ಏಣಿ ಹತ್ತಿ ಮಾಸಿದ ಹೆಸರುಗಳಿಗೆ ಮತ್ತೆ ಬಣ್ಣ ತುಂಬುತ್ತಿದ್ದ.

"ಅಯ್ಯನವರೇ, ಹಳದಿ ಮಗೂದಲ್ಲ. ಬೆವರಿಂದು. ಕಣ್ಣೀರಿಂದು." ಅವಳು ಕಂಡದ್ದನ್ನೆಲ್ಲ ಹೇಳಿದಳು.

ಅವನು ಏಣಿಯಿಂದ ಇಳಿದು ಕುಂಚವನ್ನು ನೀರಲ್ಲಿ ಅದ್ದಿಟ್ಟ. "ಯಾರಿಗಾದ್ರೂ ಹೇಳಿದ್ದೀಯಾ ತಾಯಿ?"

"ಇಲ್ಲ."

"ಕೂತ್ಕೋ. ನೀನು ಹೇಳೋದು ಸರಿ ಅಂತಲೇ ಇಟ್ಕೋ. ನಾಳೆ ಆ ಓಣಿ ಬಾಗಿಲು ತೆಗೆದು, ನೀವು ಹಳದಿ ಅಲ್ಲ ಕಣ್ರಪ್ಪ ಅಂತೀಯ. ಹಾಗಾದ್ರೆ ನಾವೇನು ಅಂತ ಕೇಳ್ತಾರೆ. ಏನು ಹೇಳ್ತೀಯ? ಹಗಲೆಲ್ಲ ಕುಲುಮೆ ಮುಂದೆ ನಿಲ್ಲೋ ಕೈ ಅದು. ಅದನ್ನ ಒಣಗಿಸೋರು ಯಾರು? ಅವರಿಗೆ ಇರೋದೊಂದು ಹೆಸರು. ಅದನ್ನೂ ಕಿತ್ಕೊಂಡು ಬರೀ ಕೈಯಲ್ಲಿ ನಿಲ್ಲಿಸ್ತೀಯ?"

"ಹಾಗಂತ ಇನ್ನು ಬರೋ ಮಕ್ಕಳನ್ನೂ ಕಳಿಸ್ತಾ ಇರೋದಾ?"

ಗೋಡೆಯಯ್ಯ ಕುಂಚವನ್ನು ನೀರಲ್ಲಿ ಕಲಕಿದ. "ನಿನ್ನ ಮಗಳು ಎಲ್ಲೀ ತನಕ ಒಪ್ಪಿಸ್ತಾಳೆ ಈಗ?" ಎಂದು ಕೇಳಿದ.

"ಸೀಸದ ತನಕ."

"ಹಾಗಾದ್ರೆ ಅವಳ ದಿನ ಹತ್ರ ಬಂತು." ಅವನು ದನಿ ತಗ್ಗಿಸಿದ. "ಮೇಲಿನ ಓಣಿಗಳಲ್ಲಿ ಆ ದಿನ ಬೆಳಿಗ್ಗೆ ಮಗೂಗೆ ಗಸಗಸೆ ಪಾಯಸ ಕೊಡ್ತಾರೆ, ನೋಡಿದ್ದೀಯಲ್ಲ?"

"ಶುಭ ಅಂತ ಕೊಡ್ತಾರೆ."

"ಶುಭವೇ. ಕುಡಿದ ಮಗು ತೂಕಡಿಸುತ್ತೆ. ತೂಕಡಿಸೋ ಮಗು ಬೆವರಲ್ಲ. ನಿನ್ನ ಮಗಳಿಗೆ ಒಂದು ಲೋಟ ಜಾಸ್ತೀನೇ ಕೊಡು. ನಿನ್ನದು ನೀನು ನೋಡ್ಕೋ ತಾಯಿ, ಊರಿನದು ನಾನು ನೋಡ್ಕೋತೀನಿ."

ಹಾಗಾದರೆ ಇವನಿಗೆ ಮೊದಲಿನಿಂದಲೂ ಗೊತ್ತಿತ್ತು. ಅವಳಿಗೆ ಸಿಟ್ಟು ಬಂತು, ಮೈ ಉರಿದುಹೋಯಿತು. ಅದರ ಜೊತೆಗೆ, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ, ಒಂದು ನೆಮ್ಮದಿಯೂ ಆಯಿತು. ಮಗಳು ಉಳಿಯುವ ದಾರಿಯೊಂದು ಸಿಕ್ಕಿತ್ತು. ಮಗಳ ದಿನ ಮುಗಿದುಹೋಗಲಿ, ಆಮೇಲೆ ಎಲ್ಲ ಹೇಳುತ್ತೇನೆ ಎಂದುಕೊಂಡು ಮನೆಗೆ ನಡೆದಳು. ಆಮೇಲೆ ಎಂಬ ಪದ ಬಾಯಿಗೆ ಬೆಲ್ಲದ ಚೂರಿನ ಹಾಗೆ ಹಿತವಾಗಿತ್ತು.

ಆದರೆ ಮಗಳ ದಿನಕ್ಕಿಂತ ಮುಂಚೆ ಇನ್ನೊಂದು ದಿನ ಬಂತು. ಊರಂಚಿನಲ್ಲಿ ಬುಟ್ಟಿ ಹೆಣೆಯುವ ಹೆಂಗಸೊಬ್ಬಳಿದ್ದಳು. ಅವಳು ತನ್ನ ಹುಡುಗಿಯನ್ನು ಕರೆತಂದಳು. ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹೆಣೆದಿದ್ದಳು, ಬುಟ್ಟಿ ಹೆಣೆದಷ್ಟು ಚೊಕ್ಕವಾಗಿ. ಹುಡುಗಿ ಬಾಗಿಲಲ್ಲೇ ಅಳಲು ಶುರುಮಾಡಿತು. ತಾಯಿಯ ಸೆರಗನ್ನು ಬಿಡಲೊಲ್ಲದು.

"ಹೆದರಬೇಡ ಕಣೇ, ಏನೂ ಮಾಡಲ್ಲ ಅಕ್ಕ. ಕೈ ಕೊಡು ಅಷ್ಟೆ," ಎಂದು ಬುಟ್ಟಿಯವಳು ರಮಿಸಿದಳು. ನೋಡುವವಳ ಕಡೆ ತಿರುಗಿ, "ಒಂಚೂರು ಸುಧಾರಿಸ್ಕೊಳ್ಳಲಿ ಅಕ್ಕಾ," ಎಂದಳು.

ಗೋಡೆಯಯ್ಯ ಎದುರಿಗೇ ಕುಳಿತಿದ್ದ. ನೋಡುವವಳು ಅವನ ಮುಖ ನೋಡಿದಳು, ಆಮೇಲೆ ತಂತಿಯ ಮುಖ ನೋಡಿದಳು. ಹುಡುಗಿಯ ಕೈ ಹಿಡಿದು ಬಿಡಿಸಿದಳು. ಅಂಗೈ ನೆನೆದ ಬಟ್ಟೆಯ ಹಾಗಿತ್ತು. ಇದನ್ನು ಒರೆಸಬಹುದಿತ್ತು. ನಾಳೆ ಬಾ ಎನ್ನಬಹುದಿತ್ತು. ಒಂದು ಮಾತು ಆಡಬಹುದಿತ್ತು. ತಂತಿ ಆಮ್ಲಕ್ಕೆ, ತಂತಿ ಅಂಗೈಗೆ, ತಂತಿ ಜ್ವಾಲೆಗೆ. "ಹಳದಿ" ಎಂದು ಕೂಗಿದಳು. ದನಿ ಎಂದಿಗಿಂತ ಗಟ್ಟಿಯಾಗಿಯೇ ಬಂತು. ಆ ಹುಡುಗಿಯನ್ನು ತಾಯಿಯ ಸೆರಗಿನಿಂದ ಬಿಡಿಸಿಕೊಂಡು ಹೋಗಲು ಇಬ್ಬರು ಬೇಕಾದರು.

ಅಂದಿನಿಂದ ನೋಡುವವಳಿಗೆ ನಿದ್ದೆ ಹತ್ತಲಿಲ್ಲ. ಮಗಳಿಗೆ ಪಾಠ ಹೇಳಿಸುವಾಗ ಸೀಸ ದಾಟಿ ಮುಂದೆ ಹೋಗುವುದು ಬೇಡ ಎನಿಸುತ್ತಿತ್ತು. ಮಗಳೋ ಹಟಮಾರಿ, ಕೊನೆಯ ಚೌಕ ಮುಟ್ಟದೆ ಬಿಡುವವಳಲ್ಲ. ಒಂದು ಸಂಜೆ ಗೋಡೆಯ ಮುಂದೆ ನಿಂತು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿಬಿಟ್ಟಳು. ಖಾಲಿ ಚೌಕ ಬಂದಾಗಲೆಲ್ಲ ಒಂದು ಉಸಿರು ಸುಮ್ಮನಿದ್ದು ಮುಂದಕ್ಕೆ ಹೋದಳು. ಕೇಳಿದವರು ತಲೆದೂಗಿದರು.

ಬೆಳಿಗ್ಗೆ ನೋಡುವವಳು ಗಸಗಸೆಯನ್ನು ಹುರಿದು, ಕಾಯಿತುರಿಯ ಜೊತೆ ನುಣ್ಣಗೆ ರುಬ್ಬಿ, ಬೆಲ್ಲ ಹಾಕಿ ಕುದಿಸಿದಳು. ಏಲಕ್ಕಿ ಹಾಕಿದಳು. ಮಗಳು ಒಂದು ಲೋಟ ಕುಡಿದು ಇನ್ನೊಂದು ಕೇಳಿದಳು, ಇನ್ನೊಂದು ಕುಡಿದು ಮತ್ತೂ ಅರ್ಧ ಕುಡಿದಳು.

"ಅಮ್ಮ, ನಂಗೆ ಖಾಲಿ ಚೌಕದ್ದು ಬಂದ್ರೆ?"

"ಬಂದ್ರೆ ಅಲ್ಲೊಂದು ಮನೆ ಕಟ್ಟೋಣ. ಮಲಗು ಸ್ವಲ್ಪ."

ಮಗಳು ನಗುತ್ತಲೇ ನಿದ್ದೆ ಹೋದಳು. ನೋಡುವವಳು ಅವಳ ಎರಡೂ ಅಂಗೈ ತೊಳೆದು, ಒರೆಸಿ, ಬಾಯಿಯಿಂದ ಊದಿ ಒಣಗಿಸಿದಳು. ಎತ್ತಿಕೊಂಡು ಜ್ವಾಲೆಯ ಮುಂದೆ ಬಂದು ತನ್ನ ತೊಡೆಯ ಮೇಲೆಯೇ ಮಲಗಿಸಿಕೊಂಡಳು. ನೋಡುವವಳ ಮಗಳ ಬಣ್ಣ ನೋಡಲು ಊರೇ ನೆರೆದಿತ್ತು. ತಾಮ್ರದವರು, ತವರದವರು ಮುಂದೆ. ಕೊನೆಯ ಸಾಲಿನವರೂ ಜಗಲಿ ಬಿಟ್ಟು ಬಂದಿದ್ದರು. ಹಿಂದೆ, ಬಾಗಿಲ ಬಳಿ, ಬುಟ್ಟಿಯವಳು ನಿಂತಿದ್ದಳು.

ತಂತಿ ಆಮ್ಲಕ್ಕೆ. ಮಗಳ ಕೈ ನಿದ್ದೆಯಲ್ಲಿ ಬಿಗಿಯಾಗಿ ಮುಚ್ಚಿಕೊಂಡಿತ್ತು. ನೋಡುವವಳು ಬೆರಳನ್ನು ಒಂದೊಂದಾಗಿ ಬಿಡಿಸಿದಳು, ಮತ್ತೆ ಮುಚ್ಚದಂತೆ ತನ್ನ ಹೆಬ್ಬೆರಳಿಂದ ಅಂಗೈಯನ್ನು ಅದುಮಿ ಹಿಡಿದಳು. ತಂತಿ ಅಂಗೈಗೆ. ಮಗಳ ಉಸಿರು ಎಷ್ಟು ನಿಧಾನವಾಗಿತ್ತೋ ಇವಳ ಎದೆ ಅಷ್ಟು ಜೋರಾಗಿ ಬಡಿಯುತ್ತಿತ್ತು. ತಂತಿ ಜ್ವಾಲೆಗೆ.

ಹಳದಿ. ಎಂದೂ ಕಾಣದಷ್ಟು ದೊಡ್ಡ ಹಳದಿ, ಮುಂದಿದ್ದವರ ಮುಖಗಳನ್ನೆಲ್ಲ ಹಳದಿ ಮಾಡುವಷ್ಟು. ನೋಡುವವಳು ತನ್ನ ಹೆಬ್ಬೆರಳನ್ನು ನೋಡಿದಳು. ಅದರ ಮೇಲೆ ಬೆವರಿನ ಹನಿಗಳು ಸಾಲಾಗಿ ನಿಂತಿದ್ದವು. ಮಗಳ ಅಂಗೈಯಲ್ಲಿ ಹೆಬ್ಬೆರಳು ಒತ್ತಿದ ಜಾಗ ಒದ್ದೆಯಾಗಿತ್ತು.

"ಕೂಗು ತಾಯಿ," ಎಂದ ಗೋಡೆಯಯ್ಯ.

"ಇದು ಇವಳದ್ದಲ್ಲ," ಎಂದಳು ನೋಡುವವಳು. "ನನ್ನ ಬೆವರು. ಬೆವರಲ್ಲಿ ಉಪ್ಪಿರುತ್ತೆ, ಉಪ್ಪಲ್ಲಿ ಸೋಡಿಯಂ ಇರುತ್ತೆ. ಹೆದರಿದವರ ಕೈ ಯಾರದ್ದಾದರೂ ಹಳದಿಯೇ. ನಿಮ್ಮದೂ ಅಷ್ಟೇ, ಬೇಕಾದ್ರೆ ನೋಡಿ. ಇನ್ನೊಂದು ಸಲ ಒರೆಸಿ ನೋಡ್ತೀನಿ, ಒಂದೇ ಸಲ."

ಜನ ಗುಜುಗುಜು ಮಾಡಿದರು. ಇಷ್ಟು ವರ್ಷ ಊರ ಮಕ್ಕಳಿಗೆ ಸರಿಯಾಗಿದ್ದ ಜ್ವಾಲೆ ಇವಳ ಮಗಳಿಗೆ ಬಂದಾಗ ತಪ್ಪಾಯಿತೇ ಎಂದು ತವರದವನೊಬ್ಬ ನಕ್ಕ. ಆಗ ಹಿಂದಿನಿಂದ ಜನರನ್ನು ಸರಿಸಿಕೊಂಡು ಬುಟ್ಟಿಯವಳು ಮುಂದೆ ಬಂದಳು. ಅವಳೊಬ್ಬಳು ಮಾತ್ರ ಆ ಮಾತನ್ನು ನಂಬಿದ್ದಳು, ಅದು ಅವಳ ಮುಖದಲ್ಲೇ ಕಾಣುತ್ತಿತ್ತು.

"ಇದು ಯಾವಾಗ ಗೊತ್ತಾಯ್ತು ಅಕ್ಕಾ ನಿಂಗೆ?"

ನೋಡುವವಳು ಮಗಳ ಅಂಗೈಯನ್ನು ಸೆರಗಿನಿಂದ ಒರೆಸಿದಳು.

"ನನ್ನ ಮಗಳು ಇಲ್ಲಿ ನಿಂತ್ಕೊಂಡು ಅಳ್ತಿದ್ದಾಗ ಗೊತ್ತಿತ್ತಾ?"

ಈಗಷ್ಟೇ ಹೊಳೆಯಿತು ಎಂದರೆ ಮುಗಿಯುತ್ತಿತ್ತು. ಜನ ಅರ್ಧವಾದರೂ ನಂಬುತ್ತಿದ್ದರು, ಇನ್ನೊಂದು ಸಲ ನೋಡಲಿ ಬಿಡಿ ಎನ್ನುವವರೂ ಇದ್ದರು. ಗೋಡೆಯಯ್ಯನೂ ಅದನ್ನೇ ಹೇಳು ಎಂಬಂತೆ ಕಣ್ಣಲ್ಲಿ ಸನ್ನೆ ಮಾಡಿದ. ನೋಡುವವಳ ಬಾಯಿಯವರೆಗೆ ಆ ಮಾತು ಬಂತು. ಬುಟ್ಟಿಯವಳ ಮುಖ ನೋಡಿದ ಮೇಲೆ ಅದನ್ನು ಹೇಳಲಾಗಲಿಲ್ಲ.

"ಗೊತ್ತಿತ್ತು," ಎಂದಳು.

ಬುಟ್ಟಿಯವಳು ಕೂಗಲಿಲ್ಲ, ಮೈಮೇಲೆ ಬೀಳಲಿಲ್ಲ. ನಿಂತಲ್ಲೇ ಕುಸಿದು ಕುಳಿತಳು. ಗದ್ದಲಕ್ಕೆ ಮಗಳಿಗೆ ಎಚ್ಚರವಾಯಿತು. ಕಣ್ಣುಜ್ಜಿಕೊಂಡು ತಾಯಿಯ ಕಡೆ ನೋಡಿದಳು.

"ಯಾವ ಬಣ್ಣ ಬಂತಮ್ಮ?"

"ನಿಂದು ಬರಲಿಲ್ಲ ಪುಟ್ಟಿ. ನಂದು ಬಂತು."

ನೋಡುವವಳು ಗಾಜಿನ ಹಿಡಿಯನ್ನು ಮಣೆಯ ಮೇಲಿಟ್ಟು ಎದ್ದಳು. "ಹಳದಿ" ಎಂದು ಕೂಗಿದಳು, ಎಲ್ಲ ಮಕ್ಕಳಿಗೂ ಕೂಗಿದ ಹಾಗೆಯೇ. "ಬಂದದ್ದು ನನ್ನ ಬಣ್ಣ. ನಾನೂ ಹೋಗ್ತೀನಿ." ಅದಕ್ಕೆ ಕಟ್ಟಳೆ ಇದೆಯೋ ಇಲ್ಲವೋ ಎಂದು ಗೋಡೆಯಯ್ಯ ಯೋಚಿಸುವಷ್ಟರಲ್ಲಿ ಅವಳು ಮಗಳ ಕೈ ಹಿಡಿದು ಬಾಗಿಲು ದಾಟಿದ್ದಳು. ಯಾರೂ ತಡೆಯಲಿಲ್ಲ. ಹಳದಿ ಓಣಿಗೆ ಹೋಗುವವರನ್ನು ತಡೆಯುವ ಪದ್ಧತಿ ಆ ಊರಿನಲ್ಲಿರಲಿಲ್ಲ.

ಬುಟ್ಟಿಯವಳು ಹಿಂದಿನಿಂದ ಓಡಿ ಬಂದಳು. ಓಣಿಯ ಬಾಗಿಲವರೆಗೂ ಮಾತಿಲ್ಲದೆ ಪಕ್ಕದಲ್ಲೇ ನಡೆದಳು. ಅಲ್ಲಿ ನಿಂತಳು, ಅದರಾಚೆಗೆ ಅವಳು ಹೋಗುವಂತಿರಲಿಲ್ಲ.

"ನೀನಾದ್ರೂ ಒಳಗೆ ಹೋಗ್ತೀಯ," ಎಂದಳು. ಆಮೇಲೆ ಸೊಂಟದಿಂದ ಒಂದು ಬಾಚಣಿಗೆ ತೆಗೆದು ನೋಡುವವಳ ಕೈಗೆ ಕೊಟ್ಟಳು. "ಅವಳ ಕೂದಲು ಬೇಗ ಸಿಕ್ಕಾಗುತ್ತೆ. ಬುಡದಿಂದ ಎಳೀಬೇಡ, ತುದಿಯಿಂದ ಬಿಡಿಸು."

ಒಳಗೆ ಕುಲುಮೆಗಳ ಹೊಗೆ, ಸಾಲು ಸಾಲು ಜನ, ಪಾಳಿ ಮುಗಿಸಿ ಗೋಡೆಗೊರಗಿ ಮಲಗಿದವರು. ಅವಳು ಕೂಗಿ ಕಳಿಸಿದ ಮುಖಗಳು, ಕೆಲವಕ್ಕೆ ಮೀಸೆ ಬಂದಿತ್ತು, ಕೆಲವಕ್ಕೆ ನರೆ ಬಂದಿತ್ತು. ಬುಟ್ಟಿಯವಳ ಹುಡುಗಿ ಒಂದು ಇದ್ದಿಲ ರಾಶಿಯ ಪಕ್ಕ ಕುಳಿತಿತ್ತು. ಎರಡೂ ಜಡೆ ಬಿಚ್ಚಿಹೋಗಿ ಗಂಟುಗಂಟಾಗಿದ್ದವು. ನೋಡುವವಳು ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕುಳಿತು, "ಬಾ ಮಗಾ, ಇಲ್ಲಿ ಬಾ," ಎಂದು ಕೈ ಚಾಚಿದಳು.

ಹುಡುಗಿ ತಲೆಯೆತ್ತಿ ನೋಡಿತು. ಯಾರು ಬಂದದ್ದೆಂದು ಗುರುತು ಹತ್ತಿದ ಕೂಡಲೇ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿತು.